ಗ್ರಹಗಳ ಒಡಲಲ್ಲಿ ಏನಿದೆ, ಅದು ಗೊತ್ತಾದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಪುಸ್ತಕದಲ್ಲಿ ಭೂಮಿಯನ್ನು ಸೀಳಿ ತೋರಿಸುವ ಬಣ್ಣದ ಚಿತ್ರ ಎಲ್ಲರಿಗೂ ನೆನಪಿರುತ್ತದೆ. ಮೇಲಿನ ಭೂಕವಚ, ಅದರ ಕೆಳಗಿನ ಮ್ಯಾಂಟಲ್, ನಟ್ಟನಡುವಿನ ಕೇಂದ್ರಗೋಳ ಎಂದು ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಆ ಪದರಗಳು ಅಲ್ಲಿವೆ ಎಂದು ಯಾರಿಗೆ, ಹೇಗೆ ಗೊತ್ತಾಯಿತು ಎಂದು ಹೇಳುವವರು ಕಡಿಮೆ. ನನಗೆ ಆ ಭಾಗವೇ ಹೆಚ್ಚು ಮುಖ್ಯ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಒಳಗೆ ಏನಿದೆ ಎನ್ನುವುದರ ಜೊತೆಗೆ, ಯಾವ ಅಳತೆಯನ್ನು ನಂಬಿ ಹಾಗೆ ಹೇಳುತ್ತಾರೆ ಎನ್ನುವುದನ್ನೂ ಬರೆದಿದ್ದೇನೆ.

ಯಾರೂ ಒಳಗೆ ಹೋಗಿ ನೋಡಿಲ್ಲ. ಹಾಗಾದರೆ ಇದೆಲ್ಲ ಬರೀ ಊಹೆ ಅಲ್ವಾ?

ಅಲ್ಲ. ಆದರೆ ಎಲ್ಲ ಗ್ರಹಗಳ ಬಗ್ಗೆಯೂ ಒಂದೇ ಸಮನಾದ ಭರವಸೆಯಿಂದ ಮಾತಾಡುವ ಹಾಗಿಲ್ಲ. ಭೂಮಿಯ ಹೊರ ಕೇಂದ್ರಗೋಳ ದ್ರವ ಎನ್ನುವುದು ಬಹಳ ಗಟ್ಟಿಯಾದ ತಿಳಿವಳಿಕೆ. ಸಾವಿರಾರು ಭೂಕಂಪಗಳ ದಾಖಲೆಗಳು ಅದನ್ನೇ ಹೇಳುತ್ತವೆ. ನೆಪ್ಚೂನ್ ಒಳಗಿನ ಚಿತ್ರಕ್ಕೆ ಆಧಾರ ಒಂದೇ ಒಂದು ನೌಕೆ ಹತ್ತಿರದಿಂದ ಹಾದುಹೋಗುವಾಗ ಮಾಡಿದ ಅಳತೆಗಳು, ಲ್ಯಾಬಿನ ಪ್ರಯೋಗಗಳು ಮತ್ತು ಕಂಪ್ಯೂಟರ್ ಲೆಕ್ಕ. ಎರಡನ್ನೂ ಒಂದೇ ಥರದ ಬಣ್ಣದ ಚಿತ್ರದಲ್ಲಿ ತೋರಿಸುವುದರಿಂದ ಓದುವವರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮನುಷ್ಯ ಎಷ್ಟು ಆಳದವರೆಗೆ ಕೊರೆದಿದ್ದಾನೆ?

ರಷ್ಯಾದ ವಾಯವ್ಯ ಮೂಲೆಯಲ್ಲಿ, ನಾರ್ವೆ ಗಡಿಯ ಹತ್ತಿರ, ಕೋಲಾ ಎಂಬಲ್ಲಿ 1970ರಲ್ಲಿ ಕೊರೆಯಲು ಶುರುಮಾಡಿದರು. 1989ರ ಹೊತ್ತಿಗೆ 12,262 ಮೀಟರ್ ಮುಟ್ಟಿದರು. ತಳದಲ್ಲಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬಹುದು ಎಂದುಕೊಂಡಿದ್ದರು, ಸಿಕ್ಕಿದ್ದು ಸುಮಾರು 180 ಡಿಗ್ರಿ. ಆ ಬಿಸಿಗೆ ಕಲ್ಲು ಮೆದುವಾಗಿ, ಕೊರೆದ ತೂತು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಕೆಲಸ ನಿಂತಿತು.

ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಜನ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಕೆಲಸ ಮಾಡುತ್ತಿದ್ದರು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಣ್ಣನೆ ಗಾಳಿ ಕಳಿಸದಿದ್ದರೆ ಅಲ್ಲಿ ನಿಲ್ಲಲೂ ಆಗುತ್ತಿರಲಿಲ್ಲ. ಸುತ್ತಲಿನ ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದೂ ಇತ್ತು. ಆ ಸಿಡಿತದ ನಡುಕ ಮೇಲೆ ಊರಿನವರಿಗೂ ಗೊತ್ತಾಗುತ್ತಿತ್ತು. ಆಳಕ್ಕೆ ಹೋದಷ್ಟೂ ಬಿಸಿ, ಒತ್ತಡ ಎರಡೂ ಏರುತ್ತವೆ ಎನ್ನುವುದನ್ನು ಆ ಕಾರ್ಮಿಕರು ಮೈಯಲ್ಲೇ ಅನುಭವಿಸಿದ್ದರು.

ಭೂಮಿಯ ಕೇಂದ್ರ ಇರುವುದು 6,371 ಕಿಲೋಮೀಟರ್ ಆಳದಲ್ಲಿ. ಕೋಲಾದಲ್ಲಿ ಕೊರೆದದ್ದು ಅದರಲ್ಲಿ ಶೇಕಡಾ 0.2 ಮಾತ್ರ.

ಭೂಮಿಯ ಒಳಗೆ ಟೊಳ್ಳು ಜಾಗ ಇರಬಹುದಾ? ಪಾತಾಳ ಅಂತಾರಲ್ಲ?

ಪುರಾಣದ ಪಾತಾಳವನ್ನು ಅದರ ಜಾಗದಲ್ಲೇ ಬಿಡೋಣ. ಒಳಗೆ ಟೊಳ್ಳು ಇದೆಯೇ ಎನ್ನುವುದನ್ನು ಮಾತ್ರ ಒಂದು ಕ್ಯಾಲ್ಕುಲೇಟರ್ ಹಿಡಿದು ನೀವೇ ನೋಡಬಹುದು.

ಕೈಬಿಟ್ಟ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ 9.8 ಮೀಟರ್‌ನಂತೆ ಏರುತ್ತದೆ. ಇದನ್ನು ಭೂಮಿಯ ತ್ರಿಜ್ಯದ ವರ್ಗದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ ಭಾಗಿಸಿದರೆ ಭೂಮಿಯ ಒಟ್ಟು ದ್ರವ್ಯರಾಶಿ ಸಿಗುತ್ತದೆ: ಸುಮಾರು 6ರ ಮುಂದೆ 24 ಸೊನ್ನೆ ಹಾಕಿದಷ್ಟು ಕಿಲೋಗ್ರಾಂ. ಅದನ್ನು ಭೂಮಿಯ ಗಾತ್ರದಿಂದ ಭಾಗಿಸಿ. ಒಂದು ಘನ ಸೆಂಟಿಮೀಟರಿಗೆ 5.5 ಗ್ರಾಂ ಬರುತ್ತದೆ. ನಮ್ಮ ಕಾಲಕೆಳಗಿನ ಗ್ರಾನೈಟ್ ತೂಗುವುದು ಸುಮಾರು 2.7 ಗ್ರಾಂ. ಅಂದರೆ ಒಟ್ಟು ಭೂಮಿಯ ಸರಾಸರಿ, ಮೇಲಿನ ಕಲ್ಲಿನ ಎರಡರಷ್ಟು. ಒಳಗೆ ಟೊಳ್ಳಿದ್ದಿದ್ದರೆ ಸರಾಸರಿ ಕಡಿಮೆ ಆಗಬೇಕಿತ್ತು. ಒಳಗಿರುವುದು ಕಲ್ಲಿಗಿಂತ ಎಷ್ಟೋ ಭಾರವಾದದ್ದು.

1798ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಭೂಮಿಯ ಈ ಸರಾಸರಿ ಸಾಂದ್ರತೆಯನ್ನು ಅಳೆದರು. ದೊಡ್ಡ ಸೀಸದ ಗುಂಡುಗಳು ಸಣ್ಣ ಗುಂಡುಗಳನ್ನು ಎಷ್ಟು ಎಳೆಯುತ್ತವೆ ಎಂದು ನೋಡಿದರು. ತಮ್ಮ ಮೈಯ ಬಿಸಿಗೂ ಗಾಳಿ ಅಲುಗಾಡಿ ಅಳತೆ ಕೆಡುತ್ತದೆ ಎಂದು, ಉಪಕರಣವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಹೊರಗಿನಿಂದ ದೂರದರ್ಶಕದಲ್ಲಿ ಗಮನಿಸಿದರು. ಅವರಿಗೆ ಸಿಕ್ಕ ಉತ್ತರ ಇವತ್ತಿನ ಲೆಕ್ಕಕ್ಕಿಂತ ಶೇಕಡಾ ಒಂದರಷ್ಟು ಮಾತ್ರ ಬೇರೆ.

ಭೂಕಂಪದಿಂದ ಒಳಗಿನ ವಿಷಯ ತಿಳಿಯುವುದು ಹೇಗೆ?

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಭೂಕಂಪ ಆದಾಗ ಅಲೆಗಳು ಭೂಮಿಯ ಒಳಗಿಂದ ಹಾದು ಇನ್ನೊಂದು ಕಡೆ ಹೊರಬರುತ್ತವೆ. ಮೊದಲು ಬರುವುದು ಪಿ ಅಲೆ. ಇದು ಸದ್ದಿನ ಹಾಗೆ, ದಾರಿಯಲ್ಲಿರುವುದನ್ನು ಮುಂದಕ್ಕೆ ಹಿಂದಕ್ಕೆ ಒತ್ತುತ್ತಾ ಸಾಗುತ್ತದೆ. ಕಲ್ಲು, ನೀರು, ಗಾಳಿ ಎಲ್ಲದರಲ್ಲೂ ಹೋಗುತ್ತದೆ. ಅದರ ಹಿಂದೆ ಬರುವುದು ಎಸ್ ಅಲೆ. ಇದು ಅಡ್ಡಡ್ಡ ಅಲ್ಲಾಡಿಸುತ್ತಾ ಹೋಗುತ್ತದೆ. ದ್ರವವನ್ನು ಅಡ್ಡಕ್ಕೆ ಎಳೆದರೆ ಅದು ಸುಮ್ನೆ ಜಾರುತ್ತದೆ, ಮತ್ತೆ ತನ್ನ ಜಾಗಕ್ಕೆ ಮರಳುವುದಿಲ್ಲ. ಹಾಗಾಗಿ ಎಸ್ ಅಲೆ ದ್ರವದೊಳಗೆ ಹೋಗಲಾರದು. ಮುಂದಿನ ಎಲ್ಲ ಕಥೆಗೂ ಈ ಒಂದು ಗುಣವೇ ಕೀಲಿಕೈ.

1897ರ ಜೂನ್ 12ರಂದು ಶಿಲ್ಲಾಂಗ್ ಪ್ರಸ್ಥಭೂಮಿಯಲ್ಲಿ ಭಾರೀ ಭೂಕಂಪ ಆಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡಮ್ ಅದರ ಅಧ್ಯಯನಕ್ಕೆ ಕೂತರು. ದೂರದ ಯುರೋಪಿನ ಉಪಕರಣಗಳಲ್ಲೂ ಆ ಕಂಪನ ಮೂಡಿತ್ತು. ಆ ಗೆರೆಗಳಲ್ಲಿ ಮೂರು ಬಗೆಯ ಅಲೆಗಳು ಬೇರೆಬೇರೆ ಹೊತ್ತಿಗೆ ಬಂದಿದ್ದನ್ನು ಅವರು ಗುರುತಿಸಿದರು: ಪಿ, ಎಸ್, ಆಮೇಲೆ ಮೇಲ್ಮೈಯಲ್ಲಿ ಸಾಗಿಬಂದ ಅಲೆ. 1906ರಲ್ಲಿ ಇನ್ನಷ್ಟು ಭೂಕಂಪಗಳ ದಾಖಲೆ ಹೋಲಿಸಿ, ಭೂಮಿಯ ನಡುಭಾಗದಲ್ಲಿ ಅಲೆಗಳು ನಿಧಾನವಾಗುತ್ತವೆ, ಅಲ್ಲಿ ಬೇರೆಯದೇ ಒಂದು ಗೋಳ ಇದೆ ಎಂದು ತೋರಿಸಿದರು. ಕೇಂದ್ರಗೋಳ ಲೆಕ್ಕಕ್ಕೆ ಸಿಕ್ಕಿದ್ದು ಹೀಗೆ. ಅದರ ಹಿಂದೆ ಭಾರತದ ಒಂದು ಭೂಕಂಪ ಇತ್ತು ಎನ್ನುವುದು ನಮ್ಮ ಪಠ್ಯಗಳಲ್ಲಿ ಖಂಡಿತ ಬರಬೇಕು.

ಆಮೇಲಿನದು ಬೇಗ ಬೇಗ ನಡೆಯಿತು. 1909ರಲ್ಲಿ ಕ್ರೊಯೇಷಿಯಾದ ಮೊಹೊರೊವಿಚಿಚ್ ಭೂಕವಚ ಎಲ್ಲಿ ಮುಗಿಯುತ್ತದೆ ಎಂದು ಕಂಡುಹಿಡಿದರು. ಜರ್ಮನಿಯ ಗುಟೆನ್‌ಬರ್ಗ್ ಕೇಂದ್ರಗೋಳ ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಶುರುವಾಗುತ್ತದೆ ಎಂದು ಲೆಕ್ಕ ಹಾಕಿದರು. 1926ರಲ್ಲಿ ಇಂಗ್ಲೆಂಡಿನ ಜೆಫ್ರೀಸ್ ಅದು ದ್ರವ ಎಂದು ವಾದಿಸಿದರು.

ದ್ರವದ ಗೋಳ ಪಿ ಅಲೆಗಳನ್ನು ಬಗ್ಗಿಸುತ್ತದೆ. ಹಾಗಾಗಿ ಭೂಕಂಪದ ಜಾಗದಿಂದ ಒಂದು ನಿರ್ದಿಷ್ಟ ದೂರದ ಪಟ್ಟಿಯಲ್ಲಿ ನೇರ ಪಿ ಅಲೆ ಬರಲೇಬಾರದು. ಅದನ್ನು ನೆರಳು ವಲಯ ಎನ್ನುತ್ತಾರೆ. ಆದರೆ 1929ರ ನ್ಯೂಜಿಲೆಂಡ್ ಭೂಕಂಪದ ಅಲೆಗಳು ಆ ನೆರಳಿನಲ್ಲೂ ತೆಳ್ಳಗೆ ಕಾಣಿಸಿದವು. ಡೆನ್ಮಾರ್ಕಿನ ಇಂಗೆ ಲೆಹ್ಮನ್ ಇದನ್ನು ಉಪಕರಣದ ದೋಷ ಎಂದು ತಳ್ಳಿಹಾಕಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲ ಅದು. ಭೂಕಂಪಗಳ ಮಾಹಿತಿಯನ್ನು ಕಾರ್ಡುಗಳಲ್ಲಿ ಬರೆದು ಓಟ್ಸ್ ಡಬ್ಬಿಗಳಲ್ಲಿ ಜೋಡಿಸಿಟ್ಟುಕೊಳ್ಳುತ್ತಿದ್ದರಂತೆ. ದ್ರವದ ನಡುವೆ ಇನ್ನೊಂದು ಗೋಳ ಇದ್ದು, ಅದಕ್ಕೆ ಬಡಿದು ಈ ಅಲೆಗಳು ವಾಪಸಾಗುತ್ತಿವೆ ಎಂದು 1936ರಲ್ಲಿ ಪ್ರಕಟಿಸಿದರು. ಅದೇ ಒಳ ಕೇಂದ್ರಗೋಳ, ತ್ರಿಜ್ಯ ಸುಮಾರು 1,220 ಕಿಲೋಮೀಟರ್. ಅದು ಘನ ಎನ್ನುವುದಕ್ಕೆ ಬಲವಾದ ಸಾಕ್ಷಿ ಸಿಗಲು 1971ರವರೆಗೆ ಕಾಯಬೇಕಾಯಿತು. ಲೆಹ್ಮನ್ ಆಗಲೂ ಇದ್ದರು. ಅವರು ಬಾಳಿದ್ದು 104 ವರ್ಷ.

ಇಂಥ ಅಲೆಗಳನ್ನು ಹಿಡಿಯುವ ಜಾಗ ಕರ್ನಾಟಕದಲ್ಲಿ ಇದೆಯಾ?

ಇದೆ. ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಸೀಸ್ಮೋಮೀಟರ್‌ಗಳ (ನೆಲದ ಕಂಪನ ಅಳೆಯುವ ಉಪಕರಣಗಳ) ಸಾಲು 1960ರ ದಶಕದಿಂದ ಕೆಲಸ ಮಾಡುತ್ತಿದೆ. ಹಲವು ಕಿಲೋಮೀಟರ್ ಉದ್ದಕ್ಕೆ ಉಪಕರಣಗಳನ್ನು ಹರಡಿದ್ದಾರೆ. ಒಂದೇ ಅಲೆ ಯಾವ ಉಪಕರಣಕ್ಕೆ ಮೊದಲು ಬಂತು, ಯಾವುದಕ್ಕೆ ಆಮೇಲೆ ಬಂತು ಎಂದು ನೋಡಿದರೆ ಅದು ಯಾವ ದಿಕ್ಕಿನಿಂದ ಬಂತು ಎಂದು ಗೊತ್ತಾಗುತ್ತದೆ. ದೂರದ ದೇಶಗಳ ನೆಲದಡಿಯ ಅಣು ಸ್ಫೋಟಗಳನ್ನು ಭೂಕಂಪದಿಂದ ಬೇರ್ಪಡಿಸಿ ಗುರುತಿಸುವುದು ಅದರ ಮುಖ್ಯ ಕೆಲಸ. ನಮ್ಮ ಭಾಗದ ಗಟ್ಟಿಯಾದ ಹಳೆಯ ಬಂಡೆ ಇದಕ್ಕೆ ಹೇಳಿ ಮಾಡಿಸಿದ ನೆಲ.

ಮೇಲಿನ ಚಿಪ್ಪು ಬಿಟ್ಟರೆ ಒಳಗೆಲ್ಲ ಲಾವಾ ತುಂಬಿದೆ ಅಲ್ವಾ?

ಇಲ್ಲ. ಇದು ತುಂಬ ಜನರಲ್ಲಿರುವ ತಪ್ಪು ತಿಳಿವಳಿಕೆ, ಚಿತ್ರಗಳಲ್ಲಿ ಮ್ಯಾಂಟಲ್‌ಗೆ ಕೆಂಪು ಬಣ್ಣ ಬಳಿಯುವುದೂ ಅದಕ್ಕೆ ಕಾರಣ. ಭೂಕವಚದ ಕೆಳಗಿನಿಂದ 2,890 ಕಿಲೋಮೀಟರ್ ಆಳದವರೆಗೆ ಇರುವುದು ಗಟ್ಟಿ ಕಲ್ಲು. ಎಸ್ ಅಲೆಗಳು ಅದರೊಳಗೆ ಆರಾಮಾಗಿ ಹಾದುಹೋಗುತ್ತವೆ. ದ್ರವವಾಗಿದ್ದರೆ ಹೋಗುತ್ತಲೇ ಇರಲಿಲ್ಲ.

ಆದರೆ ಆ ಕಲ್ಲು ಬಿಸಿಯಾಗಿದೆ. ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ನೋಡಿದರೆ ಅದು ಹರಿಯುತ್ತದೆ, ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಷ್ಟು. ಜ್ವಾಲಾಮುಖಿಯ ಲಾವಾ ಬರುವುದು ಮ್ಯಾಂಟಲ್‌ನ ಮೇಲ್ಭಾಗದಲ್ಲಿ ಕೆಲವೇ ಕಡೆ, ಅದೂ ಸ್ವಲ್ಪ ಭಾಗ ಕರಗಿದಾಗ.

ಒಳ ಕೇಂದ್ರಗೋಳ ಅಷ್ಟು ಬಿಸಿ ಇದ್ದರೂ ಕರಗದೆ ಘನವಾಗಿ ಇರುವುದು ಯಾಕೆ?

ಒತ್ತಡದಿಂದ. ಅಲ್ಲಿನ ಬಿಸಿ 5,000ದಿಂದ 6,000 ಡಿಗ್ರಿ, ಸೂರ್ಯನ ಮೇಲ್ಮೈಯಷ್ಟು. ಆದರೆ ಒತ್ತಡ ನಮ್ಮ ಗಾಳಿಯ ಒತ್ತಡದ ಸುಮಾರು 36 ಲಕ್ಷ ಪಟ್ಟು. ಅಷ್ಟು ಅದುಮಿದಾಗ ಕಬ್ಬಿಣ ಕರಗಲು ಇನ್ನೂ ಜಾಸ್ತಿ ಬಿಸಿ ಬೇಕು. ಅದರ ಮೇಲಿನ ಹೊರ ಕೇಂದ್ರಗೋಳದಲ್ಲಿ ಒತ್ತಡ ಸ್ವಲ್ಪ ಕಡಿಮೆ, ಹಾಗಾಗಿ ಅಲ್ಲಿ ಕಬ್ಬಿಣ ದ್ರವ. ಆ ದ್ರವ ಕಬ್ಬಿಣದ ಹರಿವೇ ಭೂಮಿಯ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ.

ಈ ಬಿಸಿಯಲ್ಲಿ ಒಂದು ಪಾಲು ಭೂಮಿ ಹುಟ್ಟಿದಾಗಿನದು. ಇನ್ನೊಂದು ಪಾಲು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ಈಗಲೂ ಹುಟ್ಟುತ್ತಿದೆ. 2005ರಲ್ಲಿ ಜಪಾನಿನ ಕಾಮ್‌ಲ್ಯಾಂಡ್ ಪ್ರಯೋಗ ಭೂಮಿಯ ಒಳಗಿನ ವಿಕಿರಣದಿಂದ ಹೊರಟ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳನ್ನು ಹಿಡಿದ ಬಗ್ಗೆ ವರದಿ ಮಾಡಿತು.

ಅದು ಕಬ್ಬಿಣವೇ ಎಂದು ಹೇಗೆ ಹೇಳುತ್ತಾರೆ?

ಅಲೆಗಳ ವೇಗ ಮತ್ತು ಸಾಂದ್ರತೆ ಎರಡಕ್ಕೂ ಹೊಂದುವ, ವಿಶ್ವದಲ್ಲಿ ಸಾಕಷ್ಟು ಸಿಗುವ ಲೋಹ ಅದೊಂದೇ. ಒಡೆದುಹೋದ ಹಳೆಯ ಪುಟ್ಟ ಗ್ರಹಗಳ ಒಡಲಿನ ಚೂರುಗಳು ಉಲ್ಕಾಶಿಲೆಗಳಾಗಿ ನಮ್ಮ ಮೇಲೆ ಬೀಳುತ್ತವೆ. ಅವುಗಳಲ್ಲಿ ಕೆಲವು ಪೂರಾ ಕಬ್ಬಿಣ ಮತ್ತು ನಿಕಲ್.

ಲ್ಯಾಬಿನಲ್ಲೂ ಪರೀಕ್ಷೆ ಮಾಡಿದ್ದಾರೆ. ಎರಡು ವಜ್ರಗಳ ಚೂಪು ತುದಿಗಳ ನಡುವೆ ಧೂಳಿನ ಕಣದಷ್ಟು ಕಬ್ಬಿಣ ಇಟ್ಟು ಒತ್ತಿ, ಲೇಸರಿನಿಂದ ಕಾಯಿಸುತ್ತಾರೆ. ವಜ್ರ ಪಾರದರ್ಶಕ, ಹಾಗಾಗಿ ಒಳಗೆ ಏನಾಗುತ್ತಿದೆ ಎಂದು ಎಕ್ಸ್‌ರೇ ಹಾಯಿಸಿ ನೋಡಬಹುದು. ಭೂಮಿಯ ಕೇಂದ್ರದ ಒತ್ತಡವನ್ನು ಹೀಗೆ ಮೇಜಿನ ಮೇಲೆ ತರಬಹುದು ಎನ್ನುವುದು ನನಗೆ ಈಗಲೂ ಬೆರಗು. ಭೂಮಿಯ ಕೇಂದ್ರಗೋಳ ಶುದ್ಧ ಕಬ್ಬಿಣಕ್ಕಿಂತ ತುಸು ಹಗುರ. ಗಂಧಕ, ಸಿಲಿಕಾನ್, ಆಮ್ಲಜನಕ ಇಂಥವು ಬೆರೆತಿರಬೇಕು. ಯಾವುದು ಎಷ್ಟು ಎನ್ನುವ ಚರ್ಚೆ ಮುಗಿದಿಲ್ಲ.

ಚಂದ್ರ ಗ್ರಹ ಅಲ್ಲ, ಆದರೂ ಕೇಳುತ್ತೇನೆ. ಅಲ್ಲಿಯೂ ಕಂಪನ ಆಗುತ್ತದಾ?

ಆಗುತ್ತದೆ. 1969ರಿಂದ ಅಪೊಲೊ ಯಾತ್ರಿಗಳು ಅಲ್ಲಿ ಸೀಸ್ಮೋಮೀಟರ್‌ಗಳನ್ನು ಇಟ್ಟು ಬಂದರು. 1977ರವರೆಗೆ ಅವು ದಾಖಲೆ ಕಳಿಸಿದವು. ಅಪೊಲೊ 12ರವರು ತಮ್ಮ ಕೆಲಸ ಮುಗಿದ ಲ್ಯಾಂಡರಿನ ಮೇಲ್ಭಾಗವನ್ನು ಬೇಕೆಂದೇ ಚಂದ್ರನಿಗೆ ಅಪ್ಪಳಿಸಿದರು. ಆ ನಡುಕ ಸುಮಾರು ಒಂದು ಗಂಟೆ ನಿಲ್ಲಲಿಲ್ಲ. ಭೂಮಿಯಲ್ಲಿ ಅಷ್ಟು ಸಣ್ಣ ಪೆಟ್ಟು ನಿಮಿಷಗಳಲ್ಲೇ ಅಡಗುತ್ತಿತ್ತು. ಚಂದ್ರನ ನೆಲ ಒಣ, ಮೇಲ್ಭಾಗ ಪೂರಾ ಒಡೆದು ಬಿರುಕುಬಿಟ್ಟಿದೆ. ಅಲೆಗಳು ಅಲ್ಲೇ ಚದುರಿ ಸುತ್ತುತ್ತಿರುತ್ತವೆ.

ಆ ಹಳೆಯ ದಾಖಲೆಗಳನ್ನೇ 2011ರಲ್ಲಿ ಹೊಸ ವಿಧಾನಗಳಿಂದ ಮತ್ತೆ ಓದಿದಾಗ ಚಂದ್ರನಿಗೂ ಒಂದು ಸಣ್ಣ ಕಬ್ಬಿಣದ ಕೇಂದ್ರಗೋಳ ಇರುವ ಗುರುತು ಸಿಕ್ಕಿತು. ಹಳೆಯ ಅಳತೆಗಳನ್ನು ಜೋಪಾನವಾಗಿ ಇಡಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನಲ್ಲಿಯೂ ಇಲ್ಸಾ ಎಂಬ ಕಂಪನಮಾಪಕ ಇತ್ತು. ಮಾಡಿದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯ. 2023ರ ಆಗಸ್ಟ್ 25ರಂದು ಅದು ಪ್ರಗ್ಯಾನ್ ರೋವರ್ ಓಡಾಡಿದ ಕಂಪನವನ್ನು ಹಿಡಿಯಿತು. ಮರುದಿನ ಸಹಜವಾದದ್ದು ಎಂದು ತೋರುವ ಒಂದು ಕಂಪನವನ್ನೂ ದಾಖಲಿಸಿತು.

ಮಂಗಳನ ಒಳಗೆ ಏನಿದೆ?

ಭೂಮಿಯನ್ನು ಬಿಟ್ಟರೆ ಭೂಕಂಪದ ಅಲೆಗಳಿಂದ ಒಳಗನ್ನು ಅಳೆದ ಒಂದೇ ಗ್ರಹ ಮಂಗಳ. ನಾಸಾದ ಇನ್‌ಸೈಟ್ ಲ್ಯಾಂಡರ್ 2018ರ ನವೆಂಬರ್ 26ರಂದು ಅಲ್ಲಿ ಇಳಿಯಿತು. ರೋಬೋ ಕೈಯಿಂದ ಸೀಸ್ಮೋಮೀಟರನ್ನು ನೆಲದ ಮೇಲಿಟ್ಟು, ಗಾಳಿ ತಾಗದಂತೆ ಮೇಲೆ ಮುಚ್ಚಳ ಹಾಕಿತು. 2022ರ ಡಿಸೆಂಬರಿನಲ್ಲಿ ಸೌರಫಲಕಗಳ ಮೇಲೆ ಧೂಳು ಕೂತು ವಿದ್ಯುತ್ ಇಲ್ಲದೆ ನಿಲ್ಲುವವರೆಗೆ 1,300ಕ್ಕೂ ಹೆಚ್ಚು ಕಂಪನಗಳನ್ನು ಹಿಡಿಯಿತು. ದೊಡ್ಡದು 2022ರ ಮೇ 4ರದು, ತೀವ್ರತೆ 4.7.

ಇದ್ದದ್ದು ಒಂದೇ ಉಪಕರಣ. ಭೂಮಿಯಲ್ಲಿ ಸಾವಿರಾರು ಇವೆ. ಆದರೂ ಪಿ ಮತ್ತು ಎಸ್ ಅಲೆಗಳ ನಡುವಿನ ಸಮಯದಿಂದ ದೂರ ಸಿಗುತ್ತದೆ, ನೆಲ ಯಾವ ಕಡೆಗೆ ಅಲುಗಿತು ಎನ್ನುವುದರಿಂದ ದಿಕ್ಕು ಸಿಗುತ್ತದೆ. 2021ರ ಡಿಸೆಂಬರ್ 24ರಂದು ಒಂದು ಉಲ್ಕೆ ಬಡಿದಾಗ ಇನ್ನೊಂದು ಅನುಕೂಲ ಆಯಿತು. ಮೇಲೆ ಸುತ್ತುತ್ತಿದ್ದ ನೌಕೆ ಸುಮಾರು 150 ಮೀಟರ್ ಅಗಲದ ಹೊಸ ಕುಳಿಯ ಫೋಟೋ ತೆಗೆಯಿತು. ಅಲೆ ಹೊರಟ ಜಾಗ ಕರಾರುವಾಕ್ಕಾಗಿ ಗೊತ್ತಾದ್ದರಿಂದ ಲೆಕ್ಕಗಳನ್ನು ತಾಳೆ ನೋಡಲು ಆಯಿತು.

ಕೇಂದ್ರಗೋಳಕ್ಕೆ ಬಡಿದು ಹಿಂದಿರುಗಿದ ಎಸ್ ಅಲೆಗಳನ್ನು ನೋಡಿ, ಅದು ದ್ರವ, ತ್ರಿಜ್ಯ ಸುಮಾರು 1,830 ಕಿಲೋಮೀಟರ್ ಎಂದು 2021ರಲ್ಲಿ ಹೇಳಿದರು. ಮಂಗಳನ ಒಟ್ಟು ತ್ರಿಜ್ಯ 3,390. ಅಷ್ಟು ದೊಡ್ಡ ಗೋಳ ಅಷ್ಟು ಹಗುರ ಆಗಿರಬೇಕಾದರೆ ಕಬ್ಬಿಣದಲ್ಲಿ ಬೇರೆ ಮೂಲವಸ್ತುಗಳು ಅತಿಯಾಗಿ ಬೆರೆತಿರಬೇಕಿತ್ತು. ಇದು ಯಾಕೋ ಹೊಂದುತ್ತಿರಲಿಲ್ಲ. 2023ರಲ್ಲಿ ಎರಡು ತಂಡಗಳು ಉತ್ತರ ಕೊಟ್ಟವು: ಕೇಂದ್ರಗೋಳದ ಸುತ್ತ ಸುಮಾರು 150 ಕಿಲೋಮೀಟರ್ ದಪ್ಪದ ಕರಗಿದ ಕಲ್ಲಿನ ಪದರ ಇದೆ. ಅಲೆಗಳು ಬಡಿದು ವಾಪಸ್ ಬಂದದ್ದು ಆ ಪದರದ ಮೇಲ್ಭಾಗಕ್ಕೆ. ಲೋಹದ ಗೋಳದ ತ್ರಿಜ್ಯ 1,650ರಿಂದ 1,675 ಕಿಲೋಮೀಟರ್ ಮಾತ್ರ. ಅದರ ನಡುವೆ ಸುಮಾರು 600 ಕಿಲೋಮೀಟರ್ ತ್ರಿಜ್ಯದ ಘನ ಗೋಳ ಇದೆ ಎಂದು 2025ರ ಒಂದು ಅಧ್ಯಯನ ಹೇಳುತ್ತದೆ. ಇದು ಹೊಸ ಮಾತು, ಇನ್ನೂ ಪರೀಕ್ಷೆ ಆಗಬೇಕು.

ಇನ್‌ಸೈಟ್ ಜೊತೆ ಐದು ಮೀಟರ್ ಆಳಕ್ಕೆ ತಾನೇ ಇಳಿದು ಬಿಸಿ ಅಳೆಯಬೇಕಿದ್ದ ಒಂದು ಉಪಕರಣವೂ ಇತ್ತು. ಅಲ್ಲಿನ ಮಣ್ಣು ಹಿಡಿತ ಕೊಡಲಿಲ್ಲ. ಅದು ನೆಲದೊಳಗೆ ಇಳಿಯಲೇ ಇಲ್ಲ ಎನ್ನಬಹುದು.

ಬುಧನ ಮೇಲೆ ಯಾವ ಸೀಸ್ಮೋಮೀಟರೂ ಇಲ್ಲ. ಆದರೂ ಒಳಗೆ ದ್ರವ ಇದೆ ಎನ್ನುವುದು ಹೇಗೆ?

ಒಂದು ಬೆಂದ ಮೊಟ್ಟೆ, ಒಂದು ಹಸಿ ಮೊಟ್ಟೆ ತೆಗೆದುಕೊಂಡು ಮೇಜಿನ ಮೇಲೆ ತಿರುಗಿಸಿ ನೋಡಿ. ಬೆಂದದ್ದು ಚೆನ್ನಾಗಿ ತಿರುಗುತ್ತದೆ. ಹಸಿಯದು ಓಲಾಡುತ್ತದೆ, ಯಾಕೆಂದರೆ ಒಳಗಿನ ದ್ರವ ಚಿಪ್ಪಿನ ಜೊತೆಗೆ ತಿರುಗುವುದಿಲ್ಲ.

ಬುಧ ಸೂರ್ಯನನ್ನು ಸುತ್ತುವಾಗ ಸೂರ್ಯನ ಸೆಳೆತಕ್ಕೆ ಅದರ ತಿರುಗುವಿಕೆಯಲ್ಲಿ ಚಿಕ್ಕ ಓಲಾಟ ಆಗುತ್ತದೆ. ಭೂಮಿಯಿಂದ ರೇಡಾರ್ ಅಲೆಗಳನ್ನು ಕಳಿಸಿ, ಮರಳಿ ಬಂದದ್ದನ್ನು ದೂರ ದೂರದ ರೇಡಿಯೋ ದೂರದರ್ಶಕಗಳಲ್ಲಿ ಹಿಡಿದು ಈ ಓಲಾಟವನ್ನು ಅಳೆದರು. ಬುಧ ಪೂರಾ ಗಟ್ಟಿಯಾಗಿದ್ದರೆ ಇರಬೇಕಾದದ್ದರ ಎರಡರಷ್ಟು ಓಲಾಟ ಕಾಣಿಸಿತು. ಚಿಪ್ಪು ಮಾತ್ರ ಓಲಾಡುತ್ತಿದೆ, ಒಳಗಿನದು ಅದಕ್ಕೆ ಅಂಟಿಕೊಂಡಿಲ್ಲ ಎಂದು 2007ರಲ್ಲಿ ಪ್ರಕಟಿಸಿದರು. ಮೆಸೆಂಜರ್ ನೌಕೆ 2011ರಿಂದ 2015ರವರೆಗೆ ಸುತ್ತಿ ಗುರುತ್ವ ಅಳೆದಾಗ ಇನ್ನೊಂದು ವಿಷಯ ಗಟ್ಟಿಯಾಯಿತು: ಬುಧನ ತ್ರಿಜ್ಯದ ಶೇಕಡಾ 80ಕ್ಕೂ ಹೆಚ್ಚು ಭಾಗ ಕೇಂದ್ರಗೋಳವೇ. ಕಲ್ಲಿನ ಹೊದಿಕೆ ತೀರಾ ತೆಳು.

ಶುಕ್ರ?

ಗಾತ್ರದಲ್ಲಿ ಭೂಮಿಯ ಜೋಡಿ, ಒಳಗಿನ ವಿಷಯದಲ್ಲಿ ನಮಗೆ ಗೊತ್ತಿರುವುದು ಬಹಳ ಕಡಿಮೆ. ನೆಲದ ಬಿಸಿ 460 ಡಿಗ್ರಿ. 1982ರಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ 13 ಬಾಳಿದ್ದು 127 ನಿಮಿಷ. ಅಷ್ಟರಲ್ಲಿ ಶುಕ್ರಕಂಪನಕ್ಕೆ ಕಾದು ಕೂರಲು ಎಲ್ಲಿ ಆಗುತ್ತದೆ? ಭೂಮಿಗಿರುವಂಥ ಸ್ವಂತ ಕಾಂತಕ್ಷೇತ್ರ ಅದಕ್ಕಿಲ್ಲ. ಕೇಂದ್ರಗೋಳ ಇದೆ, ಆದರೆ ಅದರ ಗಾತ್ರವನ್ನು ಖಚಿತವಾಗಿ ಹೇಳುವಷ್ಟು ಅಳತೆ ಸಿಕ್ಕಿಲ್ಲ.

ಗುರು, ಶನಿಗಳ ಮೇಲೆ ನಿಲ್ಲಬಹುದಾ?

ನಿಲ್ಲಲು ನೆಲವೇ ಇಲ್ಲ. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯಿಂದ ಬಿಟ್ಟ ಒಂದು ಉಪಕರಣ ಗುರುವಿನ ಮೋಡಗಳೊಳಗೆ ಇಳಿಯಿತು. ಸುಮಾರು ಒಂದು ಗಂಟೆ ಮಾಹಿತಿ ಕಳಿಸಿತು. ನಮ್ಮ ಗಾಳಿಯ 22 ಪಟ್ಟು ಒತ್ತಡದಲ್ಲಿ, ಏರುತ್ತಿದ್ದ ಬಿಸಿಯಲ್ಲಿ ಸುಮ್ಮನಾಯಿತು. ಇಳಿದದ್ದು ಸುಮಾರು 150 ಕಿಲೋಮೀಟರ್, ಗುರುವಿನ ತ್ರಿಜ್ಯ ಸುಮಾರು 70,000.

ಅದಕ್ಕಿಂತ ಕೆಳಗೆ ಅನಿಲವೇ ಒತ್ತಡಕ್ಕೆ ದಟ್ಟವಾಗುತ್ತಾ ದ್ರವದಂತಾಗುತ್ತದೆ. ಇಲ್ಲಿ ಅನಿಲ ಮುಗಿಯಿತು, ಇಲ್ಲಿಂದ ದ್ರವ ಎನ್ನುವ ಗಡಿ ಇಲ್ಲ. ಇನ್ನೂ ಆಳದಲ್ಲಿ, ಹತ್ತು ಲಕ್ಷ ಪಟ್ಟು ಒತ್ತಡ ದಾಟಿದ ಮೇಲೆ, ಹೈಡ್ರೋಜನ್ ಲೋಹದ ಹಾಗೆ ವಿದ್ಯುತ್ ಹರಿಸುತ್ತದೆ. ಗುರುವಿನ ದೈತ್ಯ ಕಾಂತಕ್ಷೇತ್ರ ಹುಟ್ಟುವುದು ಅಲ್ಲಿ.

2016ರಿಂದ ಗುರುವನ್ನು ಸುತ್ತುತ್ತಿರುವ ಜೂನೋ ನೌಕೆ ಹತ್ತಿರ ಹಾದಾಗಲೆಲ್ಲ ಅದರ ವೇಗ ಚೂರುಪಾರು ಬದಲಾಗುತ್ತದೆ. ಒಳಗಿನ ತೂಕ ಎಲ್ಲಿ ಹೇಗೆ ಹಂಚಿದೆ ಎನ್ನುವುದು ಆ ಬದಲಾವಣೆಯಲ್ಲಿ ಅಡಗಿದೆ. ನೌಕೆಯ ರೇಡಿಯೋ ಸಂಕೇತದಿಂದ, ಸೆಕೆಂಡಿಗೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಹಿಡಿಯುತ್ತಾರೆ. ನಡುವೆ ಅಂಚು ಸ್ಪಷ್ಟವಾದ ಕಲ್ಲಿನ ಗೋಳ ಇರಬಹುದು ಎಂದು ಹಿಂದೆ ಅನೇಕರು ಅಂದುಕೊಂಡಿದ್ದರು. ಸಿಕ್ಕಿದ್ದು ಬೇರೆ: ಭಾರವಾದ ವಸ್ತುಗಳು ಹೈಡ್ರೋಜನ್‌ನಲ್ಲಿ ಕದಡಿಕೊಂಡು ತುಂಬಾ ದೂರದವರೆಗೆ ಹರಡಿವೆ.

ಶನಿಯದು ಇನ್ನೂ ಸೊಗಸು. ಅದರ ಮೈ ಒಳಗಿಂದೊಳಗೆ ಅದುರುತ್ತಿರುತ್ತದೆ. ಆ ಅದುರಿಗೆ ಗುರುತ್ವ ಏರುಪೇರಾಗಿ ಉಂಗುರಗಳಲ್ಲಿ ಸುರುಳಿ ಅಲೆಗಳು ಏಳುತ್ತವೆ. ಉಂಗುರಗಳೇ ಸೀಸ್ಮೋಮೀಟರ್ ಆದಂತಾಯಿತು! ಕ್ಯಾಸಿನಿ ನೌಕೆ ಕಂಡ ಆ ಅಲೆಗಳಿಂದ 2021ರಲ್ಲಿ ಲೆಕ್ಕ ಹಾಕಿದಾಗ, ಶನಿಯ ಕದಡಿದ ಕೇಂದ್ರಭಾಗ ತ್ರಿಜ್ಯದ ಸುಮಾರು ಶೇಕಡಾ 60ರವರೆಗೆ ಚಾಚಿದೆ ಎಂದು ಕಂಡಿತು.

ಯುರೇನಸ್, ನೆಪ್ಚೂನ್‌ಗಳಲ್ಲಿ ವಜ್ರದ ಮಳೆ ಬೀಳುತ್ತದೆ ಎನ್ನುವುದು ನಿಜವಾ?

ಆಗಿರಬಹುದು, ಯಾರೂ ಕಂಡಿಲ್ಲ. 2017ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿಗಳು ಒಂದು ಬಗೆಯ ಪ್ಲಾಸ್ಟಿಕ್ ಮೇಲೆ ಬಲವಾದ ಲೇಸರ್ ಹಾಯಿಸಿ ಆ ಗ್ರಹಗಳ ಒಳಗಿನಂಥ ಒತ್ತಡ ಹುಟ್ಟಿಸಿದರು. ಇಂಗಾಲ ಬೇರ್ಪಟ್ಟು ತೀರಾ ಸಣ್ಣ ವಜ್ರದ ಕಣಗಳಾಯಿತು. ಲ್ಯಾಬಿನಲ್ಲಿ ಆಗುತ್ತದೆ ಎನ್ನುವುದಕ್ಕೂ ಗ್ರಹದಲ್ಲಿ ಆಗುತ್ತಿದೆ ಎನ್ನುವುದಕ್ಕೂ ಅಂತರ ಇದೆ. ಸುದ್ದಿಯ ತಲೆಬರಹಗಳು ಈ ಅಂತರವನ್ನು ನುಂಗಿಬಿಡುತ್ತವೆ.

ಎರಡೂ ಗ್ರಹಗಳಿಗೆ ಹತ್ತಿರದಿಂದ ಹೋದದ್ದು ವಾಯೇಜರ್ 2 ಒಂದೇ, 1986 ಮತ್ತು 1989ರಲ್ಲಿ. ಅವುಗಳ ಕಾಂತಕ್ಷೇತ್ರ ಗ್ರಹದ ಅಕ್ಷಕ್ಕೆ ವಿಪರೀತ ಓರೆಯಾಗಿದೆ, ಯುರೇನಸ್‌ನಲ್ಲಿ 59 ಡಿಗ್ರಿ, ನೆಪ್ಚೂನ್‌ನಲ್ಲಿ 47. ಅಂದರೆ ಅದು ನಟ್ಟನಡುವೆ ಹುಟ್ಟುತ್ತಿಲ್ಲ, ಮೇಲಿನ ಯಾವುದೋ ಪದರದಲ್ಲಿ ಹುಟ್ಟುತ್ತಿರಬೇಕು ಎಂದು ತರ್ಕಿಸುತ್ತಾರೆ.

ಮುಂದೆ ಏನೇನು ಕಾದಿದೆ?

ಯುರೋಪ್ ಮತ್ತು ಜಪಾನಿನ ಬೆಪಿಕೊಲಂಬೊ ಬುಧನನ್ನು ಸುತ್ತಲು ಹೊರಟಿದೆ. ಕಬ್ಬಿಣ ಹೆಚ್ಚಿರುವ ಸೈಕಿ ಕ್ಷುದ್ರಗ್ರಹದತ್ತ ಅದೇ ಹೆಸರಿನ ನೌಕೆ 2023ರ ಅಕ್ಟೋಬರಿನಲ್ಲಿ ಹೊರಟಿತು, ತಲುಪುವುದು 2029ಕ್ಕೆ. ಇಸ್ರೋದ ಶುಕ್ರ ಯೋಜನೆಗೆ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ, ಉಡಾವಣೆಗೆ 2028ರ ಗುರಿ. ನಾನು ಹೆಚ್ಚು ಆಸೆಯಿಂದ ಕಾಯುತ್ತಿರುವುದು ನಾಸಾದ ಡ್ರಾಗನ್‌ಫ್ಲೈಗೆ. ಅದು ಶನಿಯ ಚಂದ್ರ ಟೈಟನ್ ಮೇಲೆ ಇಳಿದು, ಜಾಗದಿಂದ ಜಾಗಕ್ಕೆ ಹಾರುವ ಡ್ರೋನ್. ಅದರಲ್ಲಿ ಒಂದು ಸೀಸ್ಮೋಮೀಟರ್ ಇರುತ್ತದೆ. ಟೈಟನ್‌ನ ಮಂಜುಗಡ್ಡೆಯ ಚಿಪ್ಪು ಎಷ್ಟು ದಪ್ಪ ಇದೆ ಎಂದು ಅದು ಅಲೆಗಳಿಂದಲೇ ಅಳೆಯಲು ನೋಡುತ್ತದೆ.